ರಟ್ಟಿನ ಹಿಂಬದಿ

ಬಣ್ಣ ಹಚ್ಚಿದ ನಾಲ್ಕು ರಟ್ಟುಗಳಲ್ಲಿ ಮೂರೇ ಇದ್ದವು. ಶರ್ವಾಣಿ ಬಟ್ಟೆಯ ಚೀಲವನ್ನು ಊಟದ ಮೇಜಿನ ಮೇಲೆ ಕವುಚಿ ಹಾಕಿ, ಅದರ ಮೂಲೆಗಳನ್ನು ಹೊರಮಗುಚಿ, ಬ್ರಷ್ಷುಗಳ ಡಬ್ಬಿಯನ್ನೂ ತೆರೆದು ನೋಡಿ ಮತ್ತೆ ಎಣಿಸಿದಳು. ಎಣಿಸಿದರೆ ಹೆಚ್ಚಾಗುವ ವಸ್ತುವಲ್ಲ ಎಂದು ಗೊತ್ತಿದ್ದೂ ಎಣಿಸಿದಳು. ಒಂದೊಂದು ರಟ್ಟಿನಲ್ಲಿ ಒಬ್ಬೊಬ್ಬರ ಮೈಬಣ್ಣ: ಆ ಮನೆಯ ತಾಯಿ ಉಮ್ಮು ಹಮ್ಮಾದ್ ಇದ್ದರು, ಹಿರಿಮಗಳು ಇಬ್ತಿಸಾಮ್ ಇದ್ದಳು, ನಡುವಿನವಳು ನವಾಲ್ ಇದ್ದಳು. ಕಿರಿಯವಳು ವಿದಾದ್ ಇರಲಿಲ್ಲ. ಮೊನ್ನೆ ಗುರುವಾರ ಅವರ ಮನೆಯಿಂದ ಹೊರಟಾಗ ಚೀಲದ ಬಾಯಿ ಕಟ್ಟಿದ್ದು ತಾನೇ, ಆದರೆ ರಟ್ಟುಗಳನ್ನು ಒಟ್ಟು ಮಾಡಿ ಒಳಗೆ ಹಾಕಿದ್ದು ಜೊತೆಗೆ ಬಂದಿದ್ದ ಮಿಸ್ರಿಯಾ. ಅದು ಈಗ ನೆನಪಾದದ್ದಲ್ಲ. ನಿನ್ನೆ ಇಡೀ ದಿನ ಚೀಲವನ್ನು ತೆರೆಯದೆ ಇದ್ದಾಗಲೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಮಿಸ್ರಿಯಾಳ ಬೆರಳುಗಳು ರಟ್ಟುಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಒಂದನ್ನು ತಿರುಗಿಸಿ ನೋಡುತ್ತ ಇದ್ದವು.

ಗಂಡ ರಂಜಿತನ ಹೊಸ ಅಂಗಿಗಳೊಳಗೆ ಬರುವ ರಟ್ಟನ್ನು ಅಂಗೈಯಗಲಕ್ಕೆ ಕತ್ತರಿಸಿ, ಒಂದು ಬದಿಗೆ ಬಿಳಿ ಬಳಿದು, ಅದರ ಮೇಲೆ ಬಣ್ಣ ಹಚ್ಚಿ, ಎದುರು ಕೂತವರ ಮುಂಗೈಗೆ ತಾಗಿಸಿ ಹಿಡಿದು, ರಟ್ಟು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯದಂತಾಗುವವರೆಗೆ ಬೆರೆಸುತ್ತಲೇ ಹೋಗುವುದು ಅವಳ ಕ್ರಮ. ಬೇರೆ ದಾರಿಯೂ ಇರಲಿಲ್ಲ. ಆ ಅರಬಿ ಮನೆಯಲ್ಲಿ ಹೆಂಗಸರ ಫೋಟೋ ತೆಗೆಯುವಂತಿರಲಿಲ್ಲ. ಮೊದಲ ದಿನವೇ ಉಮ್ಮು ಹಮ್ಮಾದ್ ಬಾಗಿಲ ಬಳಿಯ ಬುಟ್ಟಿಯಲ್ಲಿ ಅವಳ ಮೊಬೈಲನ್ನು ಇರಿಸಿಕೊಂಡು, ಫೋಟೋಕ್ಕೆ ಕಾಲಿದೆ, ಚಿತ್ರ ಗೋಡೆಯಲ್ಲೇ ಇರುತ್ತದೆ ಎಂದಿದ್ದರು. ವಿದಾದಳಿಗೆ ಮುಂದಿನ ತಿಂಗಳು ಮದುವೆ. ಅವಳು ಹೋಗುವ ಮೊದಲು ತಾಯಿ ಮತ್ತು ಮೂವರು ಮಕ್ಕಳು ಒಟ್ಟಿಗೆ ಕೂತ ಚಿತ್ರವೊಂದು ಹೆಂಗಸರ ಕೋಣೆಯಲ್ಲಿ ಇರಬೇಕು. ಹಾಗಾಗಿ ಅಲ್ಲಿ ಕೂತು ಪೆನ್ಸಿಲಿನಲ್ಲಿ ಮುಖ ಬರೆದುಕೊಳ್ಳುವುದು, ಬಣ್ಣವನ್ನು ರಟ್ಟಿನಲ್ಲಿ ಹೊತ್ತು ಮನೆಗೆ ತರುವುದು. ಮೊದಲ ದಿನ ತೆಗೆದುಕೊಂಡು ಹೋಗಿದ್ದ ಕಪ್ಪು ಬಣ್ಣದ ಟ್ಯೂಬಿನ ಮುಚ್ಚಳವನ್ನು ಅವಳು ಈವರೆಗೆ ತೆರೆದಿರಲಿಲ್ಲ. ಕಪ್ಪು ಎಂದು ದೂರದಿಂದ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಹತ್ತಿರ ಕೂತರೆ ನಾಲ್ಕಾಗುತ್ತಿತ್ತು, ಒಬ್ಬೊಬ್ಬರಲ್ಲೇ ಮತ್ತೆ ನಾಲ್ಕಾಗುತ್ತಿತ್ತು. ತಾಯಿಯ ಕೆನ್ನೆಯ ಕೆಳಗೆ ಎಲ್ಲೋ ಕೆಂಡ ಮುಚ್ಚಿಟ್ಟ ಹಾಗೆ ಕೆಂಪು. ಇಬ್ತಿಸಾಮಳ ಹಣೆಯ ಬದಿಯಲ್ಲಿ ಹಳದಿ, ಅದರ ಅಂಚಿನಲ್ಲಿ ನಂಬಲಾರದಂಥ ಹಸಿರು. ನವಾಲಳ ಕಣ್ಣಿನ ಸುತ್ತ ನೇರಳೆ. ವಿದಾದಳಲ್ಲಿ ಮಾತ್ರ ಬೆಳಕು ಒಳಗೆ ಹೋಗಿ ನೀಲಿಯಾಗಿ ಹಿಂದೆ ಬರುತ್ತಿತ್ತು. ಗೆಣ್ಣುಗಳಲ್ಲಿ ಇನ್ನೂ ಗಾಢ, ಕತ್ತಿನ ಬುಡದಲ್ಲಿ ಒಂದಿಷ್ಟು ಕಂದು, ಅಂಗೈಯಲ್ಲಿ ಎಳೆ ಗುಲಾಬಿ. ಅವಳೊಬ್ಬಳಿಗೇ ಎರಡು ಮಧ್ಯಾಹ್ನ ಹಿಡಿದಿತ್ತು. ಆ ರಟ್ಟೇ ಹೋಗಿತ್ತು. ಅದಿಲ್ಲದೆ ಅವಳ ಮುಖ ತುಂಬಲು ಸಾಧ್ಯವಿಲ್ಲ ಎಂಬುದು ಒಂದು ತಾಪತ್ರಯ, ಮತ್ತೊಮ್ಮೆ ಕೂರಿಸಿದರೆ ಸರಿಹೋಗುವಂಥದ್ದು. ಆದರೆ ರಟ್ಟಿಗೆ ಹಿಂಬದಿಯೂ ಇತ್ತು.

ಹಿಂಬದಿಯಲ್ಲಿ ಅವಳು ಬಣ್ಣಕ್ಕೊಂದು ಹೆಸರು ಬರೆಯುತ್ತಿದ್ದಳು. ಮದುವೆಗೆ ಮುಂಚೆ ಕಾರ್ಕಳದ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಗ ಬಂದ ಅಭ್ಯಾಸ: ನಂಬರ್ ಹಾಕಿದರೆ ಮರೆತುಹೋಗುತ್ತದೆ, ಮನೆಯ ಸಾಮಾನಿನ ಹೆಸರು ಬರೆದರೆ ಎಷ್ಟು ಕೆಂಪು ಎಷ್ಟು ಹಳದಿ ಎಂದು ಕೈಗೆ ತಾನಾಗಿ ನೆನಪಾಗುತ್ತದೆ. ತಾಯಿಗೆ ಹಳೆ ಹೆಂಚು. ಇಬ್ತಿಸಾಮಳಿಗೆ ಹುಣಸೆ ಬೀಜ. ನವಾಲಳಿಗೆ ಒಣಗಿದ ಪುನರ್ಪುಳಿ ಸಿಪ್ಪೆ. ವಿದಾದಳಿಗೆ ಹೆಸರು ಸಿಕ್ಕಿರಲಿಲ್ಲ. ಪೆನ್ಸಿಲನ್ನು ತುಟಿಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದಾಗ ಅದು ತಾನೇ ಬಂತು. ಹುಡುಕಿ ತಂದದ್ದಲ್ಲ, ಬಾಗಿಲಲ್ಲೇ ಕಾಯುತ್ತಿದ್ದ ಹಾಗೆ ಬಂತು. ಕಾವಲಿ ತಳ. ಬರೆದಳು. ಬರೆದಾಗ ಸರಿಯಾಯಿತು ಅನ್ನಿಸಿತ್ತು, ಅಷ್ಟೇ ಅಲ್ಲ, ಒಂದು ಬಗೆಯ ಹಗುರವೂ ಆಗಿತ್ತು, ಬಹಳ ದಿನ ಹೊತ್ತ ಚೀಲವನ್ನು ಇನ್ನೊಬ್ಬರ ಕೈಗೆ ದಾಟಿಸಿದ ಹಾಗೆ. ಆ ಹಗುರವನ್ನೇ ಅವಳು ನಿನ್ನೆಯಿಂದ ಮುಟ್ಟದೆ ಇಟ್ಟಿದ್ದಳು.

“ಎಂತ ಹುಡುಕುದು ಬೆಳಿಗ್ಗೆಯಿಂದ?” ರಂಜಿತ್ ಚಹಾದ ಲೋಟ ಹಿಡಿದು ಬಂದ. ಶನಿವಾರ, ಅವನಿಗೆ ರಜೆ.

“ನೀವು ಈ ಚೀಲಕ್ಕೆ ಕೈ ಹಾಕಿದ್ರಾ?”

“ಅದಕ್ಕೆ ಕೈ ಹಾಕಿದ್ರೆ ಮೂರು ದಿನ ಉಗುರಿಂದ ಬಣ್ಣ ಹೋಗುದಿಲ್ಲ. ನನಗೆಂತ ಮರ್ಲಾ?”

“ಒಂದು ರಟ್ಟು ಕಾಣುದಿಲ್ಲ.”

“ಇನ್ನೊಂದು ಮಾಡು ಮಾರಾಯ್ತಿ. ರಟ್ಟಿಗೆ ಬರವಾ? ಇನ್ನೆರಡು ಅಂಗಿ ಬಿಚ್ಚುವ.” ಅವಳ ಮುಖ ನೋಡಿ ನಿಲ್ಲಿಸಿದ. “ಅಲ್ಲ, ಅದ್ರಲ್ಲಿ ಎಂತ ಬರ್ದಿದ್ದಿ, ಬ್ಯಾಂಕಿನ ಪಾಸ್‌ವರ್ಡಾ?”

“ಬಣ್ಣದ ಹೆಸರು.”

ಅವನು ಚಹಾ ಹೀರಿದ. ಆ ಹೀರಿದ ಸದ್ದಿಗೆ ಅವಳು ತಲೆಯೆತ್ತಿದಳು. ಹನ್ನೊಂದು ವರ್ಷದ ಹಿಂದೆ, ಅವಳ ತಾಯಿಯ ಮನೆಯ ಚಾವಡಿಯಲ್ಲಿ, ಇದೇ ಸದ್ದು. ಅವಳ ಫೋಟೋ ಮೊದಲು ಹೋಗಿತ್ತು, ಅವಳು ಕೆಲಸ ಮಾಡುತ್ತಿದ್ದ ಸ್ಟುಡಿಯೋದಿಂದಲೇ; ಎಲ್ಲ ಹುಡುಗಿಯರ ಫೋಟೋವನ್ನೂ ಕೇಳುವ ಮೊದಲೇ ಒಂದು ಮೆಟ್ಟಿಲು ಬೆಳ್ಳಗೆ ಮಾಡುವುದು ಅಲ್ಲಿಯ ವಾಡಿಕೆ, ತನ್ನದನ್ನು ತಾನೇ ಮಾಡಿದ್ದಳು, ಬಹುಶಃ ಎರಡು ಮೆಟ್ಟಿಲು. ನೋಡಲು ಬಂದ ದಿನ ಬಜಿಲ್ ಅವಲಕ್ಕಿಯ ತಟ್ಟೆ ಹಿಡಿದು ಹೊರಗೆ ಬಂದಾಗ ರಂಜಿತನ ದೊಡ್ಡಮ್ಮ ಸುಂದರಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, “ಫೋಟೋದಲ್ಲಿದ್ದ ಹುಡುಗಿ ಒಳಗೆ ಇದ್ದಾಳಾ? ಇದು ಕಾವಲಿ ತಳ ಅಲ್ವಾ!” ಎಂದಿದ್ದರು. ತಮಾಷೆಗೆ. ಎಲ್ಲರೂ ನಕ್ಕರು, ಅವಳ ತಾಯಿ ಎಲ್ಲರಿಗಿಂತ ಮೊದಲು. ರಂಜಿತನ ತುಟಿಯಲ್ಲಿ ಲೋಟವಿತ್ತು, ಲೋಟದ ಹಿಂದಿನಿಂದ ಒಂದು ಸದ್ದು ಬಂದಿತ್ತು. ಅದು ಕಾಫಿ ಹೀರಿದ್ದೋ ನಕ್ಕದ್ದೋ ಅವಳಿಗೆ ಈವರೆಗೆ ತಿಳಿದಿಲ್ಲ. ಕೇಳಿಲ್ಲ. ಕೇಳಿದರೆ ಅವನು ಹೀರಿದ್ದು ಎನ್ನುತ್ತಾನೆ, ಆಮೇಲೆ ಅವನು ಸುಳ್ಳು ಹೇಳಿದನೋ ಎಂದು ಇನ್ನು ಹನ್ನೊಂದು ವರ್ಷ. ಈಗಲೂ ಅವನು ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಇವನೇ ಯಾಕೆ ಓದಿರಬಾರದು? ದೊಡ್ಡಮ್ಮನ ಮಾತು ಹೆಂಡತಿಯ ಅಕ್ಷರದಲ್ಲಿ ಕಂಡು, ಏನೂ ಹೇಳಲಾಗದೆ, ಕಸದ ಬುಟ್ಟಿಗೆ ಹಾಕಿರಬಹುದು. ಅವನು ಸ್ನಾನಕ್ಕೆ ಹೋದ ಮೇಲೆ ಅವಳು ಕಸದ ಬುಟ್ಟಿಯನ್ನೂ ನೋಡಿದಳು. ಮೊಟ್ಟೆಯ ಸಿಪ್ಪೆ, ಚಹಾದ ಗಸಿ.

ಹನ್ನೆರಡೂವರೆಗೆ ಮಿಸ್ರಿಯಾಳ ಫೋನು. “ಅಕ್ಕ, ಇವತ್ತು ಅಸರ್ ನಮಾಜಿಗೆ ಮುಂಚೆಯೇ ಬರ್ಲಿಕ್ಕೆ ಹೇಳ್ತಾರೆ. ನಾನು ಎರಡೂವರೆಗೆ ಕೆಳಗೆ ಬರ್ತೇನೆ. ವಿದಾದಿಗೆ ಎಂತದೋ ಕೇಳ್ಳಿಕ್ಕುಂಟಂತೆ ನಿಮ್ಮ ಹತ್ರ.”

“ಎಂತ ಕೇಳ್ಳಿಕ್ಕೆ?”

“ನನಗೆಂತ ಗೊತ್ತು? ನಾನೇನು ಅವಳ ಹೊಟ್ಟೆಯೊಳಗೆ ಕೂತಿದ್ದೇನಾ?”

ಮಿಸ್ರಿಯಾ ಉಳ್ಳಾಲದವಳು, ಗಂಡ ನಿಯಾಝ್‌ನೊಂದಿಗೆ ಈ ಊರಿನ ಶರಫಿಯಾ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡು, ಅಳತೆ ತೆಗೆಯುತ್ತ ತೆಗೆಯುತ್ತ ಅರಬಿ ಕಲಿತವಳು. ಉಮ್ಮು ಹಮ್ಮಾದರ ಮನೆಯ ಮದುವೆ ಬಟ್ಟೆಯೆಲ್ಲ ಅವಳದೇ, ಚಿತ್ರದ ಮಾತು ಅಲ್ಲಿ ಎದ್ದಾಗ ಶರ್ವಾಣಿಯ ಹೆಸರು ಹೇಳಿದವಳೂ ಅವಳೇ. ಅಲ್ಲಿ ಕೂತು ಆಚೆಯ ಮಾತು ಈಚೆಗೆ, ಈಚೆಯದು ಆಚೆಗೆ ದಾಟಿಸುತ್ತಿದ್ದಳು. ಉಪಕಾರ ಮಾಡಿದವರ ಮೇಲೆ ಅನುಮಾನಪಡುವುದು ಶರ್ವಾಣಿಗೆ ಹೊಸದಲ್ಲ. ಉಪಕಾರದ ಋಣಕ್ಕಿಂತ ಅನುಮಾನ ಹೊರುವುದು ಅವಳಿಗೆ ಸುಲಭ. ಆದರೆ ಈ ಸಲ ಕಾರಣವಿತ್ತು. ಮಿಸ್ರಿಯಾ ಪಿಯುಸಿವರೆಗೆ ಕನ್ನಡ ಓದಿದವಳು. ಆ ಮನೆಗೆ ಹೋಗಿ ಬರುವವರಲ್ಲಿ ರಟ್ಟಿನ ಹಿಂಬದಿ ಓದಬಲ್ಲವಳು ಅವಳೊಬ್ಬಳೇ. ಹಾಲಿನ ಬಣ್ಣದವಳು. ಅದನ್ನೂ ಶರ್ವಾಣಿ ಲೆಕ್ಕಕ್ಕೆ ಹಿಡಿದಳು, ಹಿಡಿದದ್ದಕ್ಕೆ ನಾಚಿದಳು, ಬಿಡಲಿಲ್ಲ.

ಕಾರಿನಲ್ಲಿ ಮಿಸ್ರಿಯಾ ಎಂದಿಗಿಂತ ಕಡಿಮೆ ಮಾತಾಡಿದಳು, ಅಥವಾ ಶರ್ವಾಣಿ ಇವತ್ತು ಅವಳ ಮಾತನ್ನು ಎಣಿಸುತ್ತಿದ್ದಳು. ಹೊರಗೆ ಬಿಸಿಲು ರಸ್ತೆಯಿಂದ ಮೇಲಕ್ಕೆ ಏಳುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಶರ್ವಾಣಿ ಬಹಳ ಸಾಧಾರಣ ಮಾತೆಂಬಂತೆ ಕೇಳಿದಳು: “ಮೊನ್ನೆ ರಟ್ಟುಗಳನ್ನು ಎತ್ತಿಟ್ಟದ್ದು ನೀನಲ್ವಾ?”

“ಹೌದು. ಯಾಕೆ?”

“ನಾಲ್ಕೂ ಇತ್ತಾ?”

“ಎಣಿಸ್ಲಿಲ್ಲ ಅಕ್ಕ. ನಾನೆಂತ ಕಸ್ಟಮ್ಸಿನವಳಾ?” ನಕ್ಕಳು. “ಒಂದರಲ್ಲಿ ಬರ್ದದ್ದು ಕಂಡಿತು, ಪುನರ್ಪುಳಿ. ನವಾಲ್ ಟೀಚರಿಗೆ ಪುನರ್ಪುಳಿಯಾ! ನೆಗಾಡಿ ಸಾಕಾಯ್ತು. ಮನೆಗೆ ಹೋಗಿ ನಿಯಾಝಿಗೆ ಹೇಳಿದೆ. ಇನ್ನು ಆ ಟೀಚರ್ ಅಂಗಡಿಗೆ ಬಂದ್ರೆ ನನಗೆ ಸಾರಿನ ನೆನಪಾಗ್ತದೆ ಅಂದ್ರು ಅವ್ರು.”

“ಬೇರೆಯವರದ್ದು ಓದಿದ್ಯಾ?”

ಸಿಗ್ನಲ್ ಹಸಿರಾಯಿತು. ಹಿಂದಿನವ ಹಾರ್ನ್ ಹೊಡೆದ. ಮಿಸ್ರಿಯಾ ಅವನಿಗೆ ಅರಬಿಯಲ್ಲಿ ಏನೋ ಬೈದು ಗಾಡಿ ಮುಂದೆ ಬಿಟ್ಟಳು, ಆಮೇಲೆ ಒಂದು ನೀರಿನ ಟ್ಯಾಂಕರನ್ನು ದಾಟುವುದರಲ್ಲಿ ತೊಡಗಿದಳು, ದಾಟಿಯಾದ ಮೇಲೆ ಎಸಿ ಜಾಸ್ತಿ ಮಾಡಲೇ ಎಂದು ಕೇಳಿದಳು. ಕೇಳಿದ ಪ್ರಶ್ನೆಯನ್ನು ಮರೆತಳೋ, ಬೇಕೆಂದೇ ಬಿಟ್ಟಳೋ. ಶರ್ವಾಣಿ ಅವಳ ಕೆನ್ನೆಯ ಬದಿಯನ್ನೇ ನೋಡುತ್ತ ಕೂತಳು. ಓದಿದ್ದಾಳೆ. ಓದಿ ವಿದಾದಳಿಗೆ ಹೇಳಿದ್ದಾಳೆ. ಬೇಗ ಬರಹೇಳಿದ್ದು ಅದಕ್ಕೇ. ಚಿತ್ರ ಹೋದರೆ ಹೋಗಲಿ ಎಂದು ತನ್ನನ್ನು ತಾನೇ ಸಮಾಧಾನ ಮಾಡಲು ನೋಡಿದಳು, ಆಗಲಿಲ್ಲ, ಹೋಗುವುದು ಚಿತ್ರವಲ್ಲ. ಹನ್ನೊಂದು ವರ್ಷ ಈ ಊರಿನಲ್ಲಿ ಅವಳು ರಂಜಿತನ ವಾಸದ ಪರವಾನಗಿ ಇಕಾಮಾದ ಕೆಳಗಿನ ಒಂದು ಹೆಸರಾಗಿದ್ದಳು. ಆ ಕೋಣೆಯಲ್ಲಿ ಮಾತ್ರ ನಾಲ್ಕು ಹೆಂಗಸರು ತಮ್ಮ ಮುಂಗೈಗಳನ್ನು ಅವಳ ಮುಂದೆ ಚಾಚಿ, ಹೀಗೆ ಯಾರೂ ನಮ್ಮನ್ನು ನೋಡಿರಲಿಲ್ಲ ಎಂದಿದ್ದರು. ಒಳ್ಳೆಯದಾಗಿ ನೋಡುವವಳು ಎಂದು ಅವರು ನಂಬಿದ್ದರು. ಅವಳೂ ನಂಬತೊಡಗಿದ್ದಳು.

ಉಮ್ಮು ಹಮ್ಮಾದ್ ಬಾಗಿಲಲ್ಲೇ ಕೈ ಹಿಡಿದುಕೊಂಡರು. ಹಿಡಿತ ಎಂದಿನದೇ? ಸ್ವಲ್ಪ ಗಟ್ಟಿಯೇ? ಧೂಪದ ಹೊಗೆ ಇವತ್ತು ಹೆಚ್ಚಾಗಿತ್ತು. ಹಿರಿಯ ಇಬ್ಬರು ಮದುವೆ ಸಾಮಾನು ತರಲು ಹೋಗಿದ್ದಾರೆಂದು ಮಿಸ್ರಿಯಾ ಹೇಳಿದಳು. ಹೋದರೋ, ಇಲ್ಲಿರುವುದು ಬೇಡವೆಂದು ಕಳಿಸಿದರೋ. ಖರ್ಜೂರದ ತಟ್ಟೆ ಬಂತು, ಅರಬಿ ಕಾಫಿ ಕಹ್ವಾ ಬಂತು. ಮುದುಕಿ ಉಮ್ಮು ಹಮ್ಮಾದ್ ಶರ್ವಾಣಿಯ ತಟ್ಟೆಗೆ ಮೂರು ಖರ್ಜೂರ ಹಾಕಿದರು, ಮಿಸ್ರಿಯಾಳ ತಟ್ಟೆಗೆ ನಾಲ್ಕು. ಶರ್ವಾಣಿ ಅದನ್ನೂ ನೋಡಿದಳು. ಅಷ್ಟರಲ್ಲಿ ವಿದಾದ್ ಒಳಗಿನಿಂದ ಬಂದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ, ಶರ್ವಾಣಿಯೊಂದಿಗೆ ನೇರ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ. ಅವಳ ಕೈಯಲ್ಲಿ ರಟ್ಟಿತ್ತು.

“ನನ್ನನ್ನು ಕ್ಷಮಿಸಬೇಕು,” ಎಂದಳು ವಿದಾದ್. “ನಾನು ಕದ್ದೆ.”

ಶರ್ವಾಣಿಗೆ ಮೊದಲು ಅರ್ಥವಾಗಲಿಲ್ಲ. ವಿದಾದ್ ಅವಳ ಪಕ್ಕದಲ್ಲೇ ನೆಲಹಾಸಿನ ಮೇಲೆ ಕೂತು, ನಗುತ್ತ, ನಾಚುತ್ತ ಹೇಳಿದಳು: ಮೊನ್ನೆ ಎಲ್ಲರೂ ಮಾತಾಡುತ್ತಿದ್ದಾಗ ಎತ್ತಿಟ್ಟುಕೊಂಡಳಂತೆ, ಕೇಳಿದರೆ ತಾಯಿ ಬಿಡುವುದಿಲ್ಲವೆಂದು. ನಿನ್ನೆ ಅದನ್ನು ಹಿಡಿದು ಮೇಕಪ್ಪಿನ ಅಂಗಡಿಗಳಿಗೆ ಹೋದಳಂತೆ, ಮದುವೆಯ ದಿನಕ್ಕೆ. “ಅಲ್ಲಿ ಮರಳಿನ ಬಣ್ಣದ ಬಾಟಲಿ ಮೂವತ್ತಿದೆ. ನಮ್ಮ ಕಡೆಗೆ ಎರಡೇ. ಒಂದು ಹಚ್ಚಿದರೆ ಇಟ್ಟಿಗೆಯಾಗುತ್ತೇನೆ, ಇನ್ನೊಂದು ಹಚ್ಚಿದರೆ ಬೂದಿ. ಅಕ್ಕಂದಿರ ಮದುವೆಯ ದಿನ ಇಬ್ಬರೂ ಬೂದಿಯಾಗಿದ್ದರು, ಪಾಪ. ಮೂರನೆಯ ಅಂಗಡಿಯ ಫಿಲಿಪ್ಪೀನಿ ಹುಡುಗಿಗೆ ಇದನ್ನು ಕೊಟ್ಟೆ. ಅವಳು ನನ್ನ ಕೈಯ ಮೇಲೆ ಇಟ್ಟು ನೋಡಿ ಕಿರುಚಿದಳು. ರಟ್ಟು ಕಾಣಲೇ ಇಲ್ಲ! ಎರಡು ಬಾಟಲಿ ಬೆರೆಸಿ, ಇದನ್ನು ನೋಡಿ ನೋಡಿ ಒಂದು ಹನಿ ನೀಲಿ ಹಾಕಿದಳು.” ಕಿಸೆಯಿಂದ ಬೆರಳುದ್ದದ ಬಾಟಲಿ ತೆಗೆದು ತೋರಿಸಿದಳು. “ಇದು ನೀವು ಮಾಡಿದ್ದು.”

ಹಾಗಾದರೆ ಇಷ್ಟೇ. ಶರ್ವಾಣಿ ತಟ್ಟೆಯಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡಳು. ಬೆಳಗಿನಿಂದ ಅನುಮಾನಪಟ್ಟದ್ದೆಲ್ಲ ದಂಡವಾದದ್ದಕ್ಕೆ ಒಳಗೆ ಸಣ್ಣ ಬೇಸರವೂ ಆಯಿತು. ಅವಳು ದೊಡ್ಡವಳ ಹಾಗೆ ವಿದಾದಳ ಭುಜ ತಟ್ಟಿ, ಪರವಾಗಿಲ್ಲ, ಕೇಳಿದ್ದರೆ ನಾನೇ ಕೊಡುತ್ತಿದ್ದೆ ಎಂದಳು. ಕ್ಷಮಿಸುವುದು ಇಷ್ಟು ಸುಖವೆಂದು ಅವಳಿಗೆ ಗೊತ್ತಿರಲಿಲ್ಲ.

“ಬಾಟಲಿಯ ಮೇಲೆ ಹೆಸರು ಬರೆಯಬೇಕಂತೆ,” ಎಂದಳು ವಿದಾದ್, ರಟ್ಟನ್ನು ತಿರುಗಿಸುತ್ತ. “ಹೆಸರಿದ್ದರೆ ಮುಂದಿನ ಸಲ ಹೋದಾಗ ಅವಳು ಅದನ್ನೇ ಮಾಡಿಕೊಡುತ್ತಾಳೆ. ಇಲ್ಲಿ ನೀವು ಬರೆದಿದ್ದೀರಲ್ಲ, ಇದೇನು ಹೆಸರು?”

ಪೆನ್ಸಿಲಿನ ಅಕ್ಷರ ಬೂದು ರಟ್ಟಿನ ಮೇಲೆ ಮಿರುಗುತ್ತಿತ್ತು. ಶರ್ವಾಣಿ ಮಿಸ್ರಿಯಾಳನ್ನು ನೋಡಲಿಲ್ಲ. ರಾತ್ರಿಯ ಸಮುದ್ರ, ಎಂದಳು. ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯ. ವಿದಾದ್ ಅದನ್ನು ಎರಡು ಸಲ ಹೇಳಿ ನೋಡಿದಳು, ತಾಯಿಗೆ ಅರಬಿಯಲ್ಲಿ ಹೇಳಿದಳು, ಮುದುಕಿ ಮಾಷಾ ಅಲ್ಲಾಹ್ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

“ಅಕ್ಕ,” ಎಂದಳು ಮಿಸ್ರಿಯಾ, ಕಹ್ವಾದ ಬಟ್ಟಲಿನ ಒಳಗೆ ನೋಡುತ್ತ, ಕನ್ನಡದಲ್ಲಿ. “ಇದ್ರಲ್ಲಿ ಸಮುದ್ರ ಎಲ್ಲುಂಟು?”

“ನೀನು ಓದಿದ್ದಿ.”

“ಮೊನ್ನೆಯೇ ಓದಿದೆ. ನಮ್ಮ ಮನೆಯಲ್ಲಿಯೂ ಹೇಳ್ತಾರೆ ಹಾಗೆ. ನನ್ನ ನಾದಿನಿ ಆಯಿಶತಿಗೆ. ನಾನೂ ಹೇಳಿದ್ದೇನೆ.” ಅವಳು ಬಟ್ಟಲನ್ನು ಕೆಳಗಿಟ್ಟಳು. “ನೀವು ಸಮುದ್ರ ಅಂದ್ರೆ ನಾನೂ ಸಮುದ್ರ ಅಂತೇನೆ. ನನಗೆಂತ ನಷ್ಟ? ಆದ್ರೆ ಅವಳು ಬಾಟ್ಲಿ ಮೇಲೆ ಬರೆಸ್ತಾಳಲ್ಲ, ಮದುವೆಗೆ.”

ವಿದಾದ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವ ಹುಡುಗಿ. ಅವಳ ನಗು ಇನ್ನೂ ಇತ್ತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ. “ಅವಳು ಏನೆಂದಳು?” ಎಂದು ಕೇಳಿದಳು. ಈಗಲೂ ತಪ್ಪಿಸಿಕೊಳ್ಳಬಹುದಿತ್ತು. ಮಿಸ್ರಿಯಾ ಹೇಳುವವಳಲ್ಲ, ಮುದುಕಿಗೆ ತಿಳಿಯದು, ರಾತ್ರಿಯ ಸಮುದ್ರ ಆ ಹುಡುಗಿಯ ಮುಖದ ಮೇಲೆ ಚೆನ್ನಾಗಿಯೇ ಇತ್ತು. ಶರ್ವಾಣಿ ನೋಡಿದ್ದು ಆ ಪುಟ್ಟ ಬಾಟಲಿಯನ್ನು. ವರ್ಷ ಎರಡು ವರ್ಷಕ್ಕೊಮ್ಮೆ ಅದು ಖಾಲಿಯಾಗುತ್ತದೆ, ಇವಳು ಅಂಗಡಿಗೆ ಹೋಗುತ್ತಾಳೆ, ಶರ್ವಾಣಿ ಹೇಳಿದ ಸುಳ್ಳನ್ನು ಹೆಸರು ಹಿಡಿದು ಕೇಳುತ್ತಾಳೆ.

“ಸಮುದ್ರವಲ್ಲ,” ಎಂದಳು. ಕಾವಲಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನೆನಪಾಗಲಿಲ್ಲ. ಕೈಯಲ್ಲಿ ದುಂಡಗೆ ತೋರಿಸಿ, ದೋಸೆ ಮಾಡುವ ಕಬ್ಬಿಣ, ಬೆಂಕಿಯ ಮೇಲಿಡುವುದು, ಅದರ ಅಡಿಭಾಗ, ಸುಟ್ಟು ಹೋದದ್ದು ಎಂದಳು. ಒಂದೊಂದು ಪದಕ್ಕೂ ವಿದಾದ್ ತಲೆಯಾಡಿಸಿದಳು, ಪಾಠ ಕೇಳುವವಳ ಹಾಗೆ. ಕೊನೆಯ ಪದಕ್ಕೆ ಆಡಿಸಲಿಲ್ಲ.

“ನಿಮ್ಮಲ್ಲಿ ಹೀಗೆ ಹೇಳುತ್ತಾರಾ?”

“ನನಗೆ ಹೇಳಿದ್ದರು. ಮದುವೆಗೆ ನೋಡಲು ಬಂದವರು.”

ವಿದಾದ್ ಶರ್ವಾಣಿಯ ಕೈಗಳನ್ನು ನೋಡಿದಳು, ಮೊದಲ ಬಾರಿಗೆ ನೋಡುವಂತೆ, ಇಷ್ಟು ದಿನ ಅವು ಬ್ರಷ್ ಹಿಡಿಯುವ ಕೈಗಳಷ್ಟೇ ಆಗಿದ್ದವು ಎಂಬಂತೆ. ನಿಮಗಾ, ಎಂದಳು. ಆ ದನಿಯಲ್ಲಿ ಕನಿಕರ ಬರುವುದೆಂದು ಶರ್ವಾಣಿ ಕಾದಳು. ಅದಕ್ಕಾಗಿಯೇ ಆ ಮಾತನ್ನು ಹೇಳಿದ್ದೆಂದು ಕಾಯುವಾಗ ಗೊತ್ತಾಯಿತು.

“ಹಾಗಾದರೆ ಅದು ಹೇಗಿರುತ್ತದೆಂದು ನಿಮಗೆ ಗೊತ್ತಿತ್ತು,” ಎಂದಳು ವಿದಾದ್. “ಗೊತ್ತಿದ್ದೂ ನನಗೆ ಕೊಟ್ಟಿರಿ.”

ಮುದುಕಿ ಏನೆಂದು ಕೇಳಿದರು. ಎಲ್ಲೋ ಹತ್ತಿರದಲ್ಲಿ ಅಸರಿನ ಬಾಂಗ್ ಶುರುವಾಯಿತು, ಅದು ಮುಗಿಯುವವರೆಗೆ ಮಾತಾಡಬೇಕಾದ ಕಷ್ಟ ಯಾರಿಗೂ ಇರಲಿಲ್ಲ. ಅದೊಂದು ಉಪಕಾರ ಎಂದುಕೊಂಡಳು ಶರ್ವಾಣಿ. ಬೆಳಗಿನಿಂದ ಅವಳು ಪ್ರತಿಯೊಬ್ಬರ ಕಣ್ಣನ್ನೂ ತೂಗುತ್ತ ಬಂದಿದ್ದಳು. ಈಗ ತಾನೇ ತಕ್ಕಡಿಯಲ್ಲಿ ಕೂತು ಅಲುಗಾಡದೆ ಇರುವುದು ಹೇಗೆಂದು ತಿಳಿಯಲಿಲ್ಲ. ಎದ್ದು ಹೋಗಬಹುದೇ? ಕ್ಷಮೆ ಕೇಳಿದರೆ ಅದೂ ಇನ್ನೊಂದು ಸಮುದ್ರದ ಹಾಗೆ ಕೇಳಿಸಬಹುದು. ಬಾಂಗ್ ನಿಂತ ಮೇಲೆ ಮುದುಕಿ ನಮಾಜಿಗೆ ಒಳಗೆ ಹೋದರು. ಮಿಸ್ರಿಯಾ ಏಳಲು ಹೊರಟವಳು ಮತ್ತೆ ಕೂತಳು.

ವಿದಾದ್ ರಟ್ಟಿನ ಬಣ್ಣದ ಬದಿಯನ್ನು ಮುಂಗೈಗೆ ಹಿಡಿದು ನೋಡಿದಳು. “ಬಣ್ಣ ಸರಿಯಾಗಿದೆ,” ಎಂದಳು. “ಅದೇ ಕಷ್ಟ.” ಆಮೇಲೆ ಅದನ್ನು ನೆಲದ ಮೇಲಿಟ್ಟು, ಶರ್ವಾಣಿಯ ಚೀಲವನ್ನು ಎಳೆದು, ತಾನೇ ಕೈಹಾಕಿ ಖಾಲಿ ರಟ್ಟೊಂದನ್ನೂ ಪೆನ್ಸಿಲನ್ನೂ ತೆಗೆದು ಅವಳ ಮುಂದೆ ನೂಕಿದಳು. ಮೊದಲು ಹಿಂಬದಿ ಬರೆಯಿರಿ, ಎಂದಳು. ಬರೆದದ್ದನ್ನು ನೋಡಿ ಕೈ ಕೊಡುತ್ತೇನೆ.

ಶರ್ವಾಣಿ ಪೆನ್ಸಿಲ್ ಹಿಡಿದಳು. ಒಳ್ಳೆಯ ಹೆಸರೊಂದಕ್ಕಾಗಿ ತಡಕಿದಳು. ಕಾಡಿಗೆ ಬಂತು, ಅದು ಯಾವುದೋ ಮಗುವಿಗೆ ದೃಷ್ಟಿ ಆಗದಿರಲೆಂದು ಇಡುವ ಬೊಟ್ಟು. ಮಸಿ ಬಂತು, ಇದ್ದಲು ಬಂತು, ಕಾಗೆ ಬಂತು. ನೇರಳೆ ಹಣ್ಣು ಬಂತು, ಅದನ್ನು ಶಾಲೆಯಲ್ಲಿ ಅವಳ ಬೆಂಚಿನ ಹಿಂದಿನಿಂದ ಕೂಗುತ್ತಿದ್ದರು. ಒಂದೊಂದನ್ನೂ ಎತ್ತಿ ನೋಡಿದರೆ ಅಡಿಯಲ್ಲಿ ಯಾರದೋ ನಗು ಅಂಟಿಕೊಂಡಿತ್ತು. ಕಲ್ಲು, ಕೆರೆ, ಮೋಡ ಎಂದರೆ ಅದು ದೂರ ನಿಂತು ಕೈಮುಗಿದ ಹಾಗೆ, ಅದೂ ಬೇಡ. ಎದುರು ಕೂತವಳು ಕಾಯುತ್ತಿದ್ದಳು. ಕೊನೆಗೆ ಅವಳು ಬರೆದಳು: ವಿದಾದ್. ಅಂಬರ್ ಕಂದು ಮೂರು ಪಾಲು, ನೀಲಿ ಎರಡು, ಕೆಂಪು ಒಂದು ಚೂರು, ಒಣಗಲು ಬಿಟ್ಟು ನೋಡಬೇಕು. ಅಕ್ಷರ ಸಣ್ಣ ಹುಡುಗಿಯದರ ಹಾಗೆ ಸೊಟ್ಟಗಿತ್ತು.

ರಟ್ಟನ್ನು ವಿದಾದ್ ತೆಗೆದುಕೊಂಡಳು. ಅರ್ಥ ಹೇಳಲು ಶರ್ವಾಣಿ ಬಾಯಿ ತೆರೆದಳು. ವಿದಾದ್ ಅವಳತ್ತ ನೋಡದೆ, ಅದನ್ನು ಮಿಸ್ರಿಯಾಳ ಕೈಗಿತ್ತು, ಅರಬಿಯಲ್ಲಿ, ನೀನು ಓದು ಎಂದಳು. ಅಷ್ಟು ಅರಬಿ ಶರ್ವಾಣಿಗೂ ತಿಳಿಯುತ್ತಿತ್ತು.

ಮಿಸ್ರಿಯಾ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅರಬಿಯಲ್ಲಿ ಓದತೊಡಗಿದಳು, ನಿಧಾನವಾಗಿ, ಮೆಲ್ಲಗೆ, ಅಳತೆ ಹೇಳುವಾಗಿನ ಚುರುಕು ದನಿಯಲ್ಲಲ್ಲ. ಮಧ್ಯೆ ಒಮ್ಮೆ ತಲೆಯೆತ್ತಿ ಶರ್ವಾಣಿಯನ್ನು ನೋಡಿ ಮತ್ತೆ ರಟ್ಟಿಗೆ ಕಣ್ಣು ಹಾಕಿದಳು. ಆಯಿಶತ್ ಎಂಬ ಹೆಸರು ಒಂದು ಸಲ ಕಿವಿಗೆ ಬಿದ್ದಂತಾಯಿತು, ಬೀಳದೆಯೂ ಇರಬಹುದು. ವಿದಾದ್ ಕೇಳುತ್ತ ಕೇಳುತ್ತ ತೋಳಿನ ಗುಂಡಿಯನ್ನು ಬಿಚ್ಚಿದಳು, ಆದರೆ ತೋಳನ್ನು ಇನ್ನೂ ಮೇಲೇರಿಸಿರಲಿಲ್ಲ. ಏನು ಹೇಳುತ್ತಿದ್ದೀ ಎಂದು ಕೇಳಬೇಕೆಂದು ಶರ್ವಾಣಿಯ ನಾಲಿಗೆಯ ತುದಿಯವರೆಗೆ ಬಂತು. ಕೇಳಲಿಲ್ಲ. ಅವಳು ಬರೆದದ್ದು ಒಂದೇ ಸಾಲು. ಮಿಸ್ರಿಯಾ ಓದುತ್ತಲೇ ಇದ್ದಳು.